ಗೋಡೆಯಾಚೆಯ ಗೌರಿ

"ಅಮ್ಮಾ!" ಎಂದು ದ್ಯಾವಮ್ಮ ಕಿರುಚಿದ್ದೇ ತಡ, ಗೋಡೆಯಾಚೆ ಬಕೆಟ್ಟು ಉರುಳಿದ ಸದ್ದಾಯಿತು. ಆಪರೇಷನ್ ಆದ ಹೊಸ ಮಂಡಿಯನ್ನು ಕಸರತ್ತಿಗೆಂದು ಮಡಿಸುತ್ತಿದ್ದವಳು ಹಾಗೆಯೇ ತಡೆದು ಕಿವಿಗೊಟ್ಟಳು. ತನ್ನನ್ನು ಸಾಕಿದವಳ ನರಳಾಟ ಕೇಳಿ ಹಸು ಗೌರಿ ಇವತ್ತೂ ಹಾಲು ಬಿಗಿಹಿಡಿದು ಒದ್ದಿತ್ತು.

ಓರಗಿತ್ತಿ ಪಿಳ್ಳಮ್ಮ ಬರಿಯ ಬಕೆಟ್ಟು ಹಿಡಿದು ಬಾಗಿಲಿಗೆ ಬಂದಳು. ಕೆ.ಜಿ.ಎಫ್. ಕಾರ್ಖಾನೆಯಲ್ಲಿದ್ದ ದ್ಯಾವಮ್ಮನ ಮಗ ಅವಳನ್ನು ಬೆಂಗಳೂರಿಗೆ ಕರೆದೊಯ್ದು ಮಂಡಿ ಬದಲಿ ಆಪರೇಷನ್ ಮಾಡಿಸಿದಾಗ, "ಕುಕ್ಕರಗಾಲಲ್ಲಿ ಕೂರಕ್ಕಾಗ್ದವಳಿಗೆ ಅಸ ಯಾಕೆ?" ಎಂದು ಗೌರಿಯನ್ನು ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋದವಳು ಇವಳೇ.

"ಮಾತ್ರೆ ನುಂಗಕ್ಕಾ, ನಿನ್ ಕಾಲಿಗೆ ಬೀಳ್ತೀನಿ. ನೀನು ಅರಚಿದ್ರೆ ನಿನ್ ಅಸ ಆಲು ಬಿಡಲ್ಲ. ಈ ವಾರ ಬೂದಿಕೋಟೆ ಡೈರಿಗೆ ಒಂದು ತೊಟ್ಟೂ ಆಕಿಲ್ಲ."

"ಯಾರ್ ಅಸ ಅಂದೆ?"

ಪಿಳ್ಳಮ್ಮ ಒಳಗೆ ಬಂದು ಮಾತ್ರೆಯ ಡಬ್ಬಿಯನ್ನು ಅವಳತ್ತ ತಳ್ಳಿದಳು.

"ಓಗಲಿ ಬಿಡು, ನುಂಗ್ತೀನಿ," ಎಂದಳು ದ್ಯಾವಮ್ಮ.

ಮರುದಿನ ಬೆಳಿಗ್ಗೆ ಡಾಕ್ಟರು ಹೇಳಿದ್ದಂತೆಯೇ ಕಸರತ್ತಿಗೆ ಅರ್ಧ ಗಂಟೆ ಮೊದಲು ಮಾತ್ರೆ ನುಂಗಿದಳು. ನೋವು ಇಳಿಯಿತು. ಮಂಡಿ ಎಂದೂ ಇಲ್ಲದಷ್ಟು ಸಲೀಸಾಗಿ ಬಾಗಿತು. ಗೋಡೆಯಾಚೆ ಪಿಳ್ಳಮ್ಮ ಬಕೆಟ್ಟಿಟ್ಟುಕೊಂಡು ಕೂತದ್ದು ಕೇಳಿಸಿತು. ಮೊದಲ ಧಾರೆ ಚೊರ್ರೆಂದು ತಳಕ್ಕೆ ಬಿತ್ತು. ದ್ಯಾವಮ್ಮ ಕಾಲು ನೀಡಿ, ದಿಂಬಿಗೆ ಆರಾಮವಾಗಿ ಒರಗಿ, ಎದೆ ತುಂಬ ಉಸಿರೆಳೆದುಕೊಂಡಳು.

"ಅಮ್ಮಾ!"