ಉಗುಳು ಬಕೆಟ್ಟು

"ಕೊಡಿ, ನಾನು ಚೆಲ್ಲಿ ಬರ್ತೀನಿ," ಅಂದ ಗಂಡ, ವೈನ್ ಮಳಿಗೆಯವಳ ಕೈಯಿಂದ ಬಕೆಟ್ಟು ಇಸಿದುಕೊಂಡು ಡೇರೆಯ ಹಿಂದೆ ಹೋದ. ಫ್ರೆಂಚ್ ಮೇಳದಲ್ಲಿ ರುಚಿ ನೋಡಿದವರೆಲ್ಲ ಬಾಯಿ ಮುಕ್ಕಳಿಸಿ ಉಗುಳಿದ ವೈನು ಅದರಲ್ಲಿ ತುಂಬಿತ್ತು.

ಹೆಂಡತಿಯ ಹುಚ್ಚು ಮನಸ್ಸು ಹೂವಿನಷ್ಟು ಹಗುರಾಯಿತು. "ಬರೀ ಚೀಸು, ಬ್ರೆಡ್ಡು. ಮಗಳಾಣೆ, ಒಂದು ಹನಿ ಮುಟ್ಟಲ್ಲ," ಅಂದಿದ್ದವನು ಬೆಳಗ್ಗಿನಿಂದ ಯಾರು ಗ್ಲಾಸು ನೀಡಿದರೂ ಬೇಡ ಅನ್ನುತ್ತಲೇ ಬಂದಿದ್ದ. ಎಷ್ಟೊತ್ತಾದರೂ ಬಾರದಿದ್ದಾಗ ಹುಡುಕಿಕೊಂಡು ಹೋದಳು. ಬಕೆಟ್ಟು ಅವನ ತುಟಿಗಿತ್ತು. ಕಂಡಕಂಡವರ ಎಂಜಲು ಗಟಗಟನೆ ಅವನ ಗಂಟಲಲ್ಲಿ ಇಳಿಯುತ್ತಿತ್ತು.

ಬೆನ್ನಿಗೇ ಬಂದ ಮಗಳಿಗೆ ಕಾಣದಂತೆ ಅವಳು ಅಡ್ಡ ನಿಂತಳು.

"ಅಪ್ಪ ಏನ್ಮಾಡ್ತಿದಾರೆ?"

"ಬಕೆಟ್ಟು ತೊಳೀತಿದಾರೆ, ಪುಟ್ಟಿ."

"ಅಬ್ಬ, ಸದ್ಯ," ಅಂದಳು ಮಗಳು. "ಮತ್ತೆ ಶುರುವಾಯ್ತೇನೋ ಅಂತ ನನಗೆ ಜೀವ ಹೋದಂಗಾಗಿತ್ತು."