ದಿಂಬಿನ ಕೆಳಗಿನ ಚಾಕು

ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣವಿದ್ದರೆ ದೆವ್ವ ಸುಳಿಯುವುದಿಲ್ಲ ಎಂದು ನಳಿನಿಯ ಅಮ್ಮ ಅಲ್ಲೊಂದು ಚಾಕು ಇಟ್ಟು ಹೋಗಿದ್ದಳು. ಸಂಜೆಯೊಳಗೆ ಅದು ಮಾಯ! ಅತ್ತೆಯದೇ ಕೆಲಸ, ಇನ್ನಾರದು? ಬೆಳಿಗ್ಗೆ ಕೋಣೆಯ ಚಿಲಕ ಕೀಳಿಸಿದವಳೂ ಅವಳೇ. ನಳಿನಿ ಬಚ್ಚಲಿಗೆ ಹೋದರೂ ಅತ್ತೆ ಬಾಗಿಲ ಬಳಿ ಕಾಯುತ್ತ ನಿಲ್ಲುತ್ತಿದ್ದಳು.

"ಚಾಕು ಯಾಕೆ ತೆಗೆದ್ರಿ? ನನ್ನ ಮಗೂಗೆ ದೆವ್ವ ಬಡೀಲಿ ಅಂತಾನಾ?"

"ಹೆತ್ತಾಗಿನಿಂದ ಗೋಡೆ ನೋಡ್ಕೊಂಡು ಅಳ್ತಿದ್ದೀಯ. ನಾಳೆ ಮನಸ್ಸಿನ ಡಾಕ್ಟರ ಹತ್ರ ಹೋಗೋಣ."

"ನನಗೆ ಹುಚ್ಚು ಅಂತ ಊರಿಗೆಲ್ಲ ಸಾರಬೇಕಾ?"

ಅತ್ತೆ ಕೈಬಳೆಗಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಮೇಲೆ ಹಳೆಯ ಗಾಯದ ಗುರುತಿತ್ತು.

"ನಿನ್ನ ಗಂಡ ಹುಟ್ಟಿದಾಗ ನಮ್ಮಮ್ಮನೂ ದಿಂಬಿನ ಕೆಳಗೆ ಚಾಕು ಇಟ್ಟಿದ್ಲು."