ಕುಳಿತು ಪ್ರಯಾಣಿಸಲು

ಸಾಹೇಬರಿಗೆ ಹೊಸ ಕಾರು ಬೇಕಾಗಿತ್ತು. ಹಳೆಯ ಜೀಪು ಕೆಟ್ಟಿದೆ ಎಂದು ಕಾಗದವಾಗದೆ ಹೊಸದು ಮಂಜೂರಾಗುವಂತಿರಲಿಲ್ಲ. ಜೀಪು ನೋಡಿದರೆ ಗುಂಡುಕಲ್ಲಿನ ಹಾಗಿತ್ತು.

“ನಾಳೆ ತಪಾಸಣೆಗೆ ಬ್ರೇಕ್ ಇನ್‌ಸ್ಪೆಕ್ಟರ್ ಬರ್ತಾರೆ. ಏನಾದ್ರೂ ಮಾಡು,” ಎಂದರು ಮ್ಯಾನೇಜರು.

ಡ್ರೈವರ್ ತಿಪ್ಪೇಸ್ವಾಮಿ ಹನ್ನೆರಡು ವರ್ಷ ಮಗುವಿನ ಹಾಗೆ ನೋಡಿಕೊಂಡ ಗಾಡಿ ಅದು. ತನ್ನ ಕೈಯಾರೆ ಅದರ ಶಾಕ್ ಅಬ್ಸಾರ್ಬರ್ ನಾಲ್ಕನ್ನೂ ಬಿಚ್ಚಿಟ್ಟ. ಮಾರನೆಯ ದಿನ ಜೀಪು ಗುಂಡಿ ಕಂಡಲ್ಲೆಲ್ಲ ಇನ್‌ಸ್ಪೆಕ್ಟರನ್ನು ಎತ್ತಿ ಎತ್ತಿ ಹಾಕಿತು. ಅವರು ಸೊಂಟ ಹಿಡಿದುಕೊಂಡೇ ಇಳಿದು ಬರೆದರು: ‘ಕುಳಿತು ಪ್ರಯಾಣಿಸಲು ಯೋಗ್ಯವಲ್ಲ.’

ಹೊಸ ಕಾರು ಬಂತು. ಬಟನ್ ಒತ್ತಿದರೆ ಸೀಟೇ ಸಾಹೇಬರ ಬೆನ್ನು ನೀವುತ್ತಿತ್ತು. ಊರು ದಾಟುವುದರೊಳಗೆ ಅವರಿಗೆ ಗೊರಕೆ.

ತಿಂಗಳು ಕಳೆದ ಮೇಲೆ ಕಚೇರಿಯ ಅಂಗಳದಲ್ಲಿ ಹಳೆಯ ಜೀಪಿಗೆ ಬಿಳಿ ಬಣ್ಣ ಬಳಿದು, ಹಣೆಯ ಮೇಲೆ ಕೆಂಪಗೆ ‘ಆಂಬುಲೆನ್ಸ್’ ಎಂದು ಬರೆದರು. ಸಾಹೇಬರು ಅದನ್ನು ಗುಡ್ಡದ ಮೇಲಿನ ಹಳ್ಳಿಯ ಆಸ್ಪತ್ರೆಗೆ ದಾನ ಕೊಟ್ಟಿದ್ದರು.

ತಿಪ್ಪೇಸ್ವಾಮಿ ಬಿಚ್ಚಿಟ್ಟಿದ್ದ ಸಾಮಾನನ್ನು ಗೋಣಿಚೀಲದಲ್ಲಿ ಹೊತ್ತು ಓಡಿ ಬಂದ.

“ಸಾರ್, ಒಂದು ಗಂಟೆ ಕೊಡಿ, ಇವನ್ನ ಹಾಕಿಬಿಡ್ತೀನಿ. ಬಸುರಿ ಹೆಣ್ಣುಮಕ್ಕಳು ಹೋಗೋ ಗಾಡಿ.”

“ಹಾಕಿದ್ರೆ ಜೀಪು ಸರಿಯಾಗುತ್ತೆ. ಕೊಟ್ಟ ಕಾಗದ ಸುಳ್ಳಾಗುತ್ತೆ,” ಎಂದರು ಮ್ಯಾನೇಜರು.

“ಆ ಕಾಗದದಲ್ಲೇ ಯೋಗ್ಯವಲ್ಲ ಅಂತ ಇದೆಯಲ್ಲ ಸಾರ್.”

“ಸರಿಯಾಗಿ ಓದು. ಕುಳಿತು ಪ್ರಯಾಣಿಸಲು ಅಂತ ಇದೆ. ಆಂಬುಲೆನ್ಸಲ್ಲಿ ಮಲಗಿಕೊಂಡು ತಾನೇ ಹೋಗೋದು?”